1972ರ ಬಿಎಂಡಬ್ಲ್ಯು ಆರ್ 75/5: ಕೊಂಡಿದ್ದು, ಬಿಚ್ಚಿದ್ದು, ಓಡಿಸಿದ್ದು

ಹಳೆಯ ಜರ್ಮನ್ ಬೈಕು ಮಾರಾಟಕ್ಕಿದೆ ಅಂದಾಗ ಜಾಹೀರಾತಿನ ಫೋಟೋ ನೋಡಿ ಮರುಳಾಗಬೇಡಿ. ಕ್ರೋಮ್ ಯಾರು ಬೇಕಾದರೂ ಹಾಕಿಸಬಹುದು. ಪೇಂಟೂ ಅಷ್ಟೇ. ನಾನು ಮೊದಲು ನೋಡುವುದು ಎರಡು ನಂಬರುಗಳನ್ನು. ಆಮೇಲೆ ಸೈಲೆನ್ಸರ್ ಪೈಪು ಹೆಡ್‌ಗೆ (ಸಿಲಿಂಡರಿನ ತುದಿಯ ಮುಚ್ಚಳಕ್ಕೆ) ಸೇರುವ ಜಾಗದ ಥ್ರೆಡ್ಡು, ಹಿಂದಿನ ಚಕ್ರದ ಸ್ಪ್ಲೈನು, ಅಂದರೆ ಚಕ್ರವನ್ನು ತಿರುಗಿಸುವ ಶಾಫ್ಟಿಗೆ ಸೇರಿಸುವ ಹಲ್ಲುಗಳು. ಇವು ಸರಿಯಿದ್ದರೆ ಗಾಡಿ ಎಷ್ಟು ವರ್ಷ ಧೂಳು ತಿಂದಿದ್ದರೂ ಚಿಂತೆಯಿಲ್ಲ. ಇವು ಕೆಟ್ಟಿದ್ದರೆ ಎಷ್ಟು ಹೊಳೆದರೂ ಅದು ಖರ್ಚಿನ ಬಾಬ್ತೇ.

ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರ. ಈ ಆರ್ 75/5 ಸಿಕ್ಕಿದ್ದು ಒಂದು ಹಳ್ಳಿಮನೆಯ ಹಿಂದಿನ ಶೆಡ್ಡಿನಲ್ಲಿ. ಮಾರಿದವರು ವಯಸ್ಸಾದ ಅಜ್ಜ. ಸೊಂಟ ನೋವು, ಗಾಡಿ ಎತ್ತಿ ನಿಲ್ಲಿಸಲು ಆಗಲ್ಲ ಅಂದರು. ಜಾಹೀರಾತಿನಲ್ಲಿ ‘ಸ್ಟಾರ್ಟ್ ಆಗುವುದಿಲ್ಲ, ರಿಪೇರಿ ಗೊತ್ತಿದ್ದವರಿಗೆ’ ಅಂತ ಪ್ರಾಮಾಣಿಕವಾಗಿ ಬರೆದಿದ್ದರು. ಇಂಥ ಜಾಹೀರಾತು ಕಂಡರೆ ನನಗೆ ನಂಬಿಕೆ ಜಾಸ್ತಿ. ‘ಪೂರ್ತಿ ರೀಸ್ಟೋರ್ ಆಗಿದೆ, ಬಿಲ್ ಇಲ್ಲ’ ಅನ್ನುವವರ ಹತ್ತಿರ ನಾನು ಹೋಗುವುದೇ ಇಲ್ಲ.

ಮೊದಲು ನಂಬರಿನ ವಿಷಯ. ಈ ಕಾಲದ ಬಿಎಂಡಬ್ಲ್ಯು ಬೈಕುಗಳಲ್ಲಿ ಫ್ರೇಮಿನ ನಂಬರೂ ಎಂಜಿನ್ ನಂಬರೂ ಒಂದೇ. ಎಂಜಿನ್ ನಂಬರ್ ಎಡಗಡೆ, ಆಯಿಲ್ ಡಿಪ್‌ಸ್ಟಿಕ್‌ನ ಮೇಲ್ಗಡೆ ಹೊಡೆದಿರುತ್ತಾರೆ. ಫ್ರೇಮ್ ನಂಬರ್ ಸ್ಟೀರಿಂಗ್ ಹೆಡ್ ಮೇಲೆ. ಅಲ್ಲೇ ರಿವೆಟ್ ಹೊಡೆದ ಪ್ಲೇಟೂ ಇರುತ್ತದೆ. ಮೂರೂ ಕಡೆ ಹೊಂದಿದರೆ ಸರಿ. ಹೊಂದದಿದ್ದರೆ ಗಾಡಿ ಓಡುವುದಿಲ್ಲ ಅಂತಲ್ಲ, ಸುಖವಾಗಿ ಓಡುತ್ತದೆ. ಆದರೆ ಕಲೆಕ್ಟರ್ ಬೆಲೆ ಕೊಡಬೇಡಿ, ಓಡಿಸುವ ಗಾಡಿಯ ಬೆಲೆ ಕೊಡಿ. ಒದ್ದೆ ಬಟ್ಟೆಯಲ್ಲಿ ಅಲ್ಲಿನ ಜಿಡ್ಡು ಒರೆಸಿದೆ. ಅಂಕಿಗಳೆಲ್ಲ ಸಮ, ಫೈಲ್ ಉಜ್ಜಿದ ಗುರುತಿಲ್ಲ. ಅಜ್ಜ ಒಳಗಿಂದ ಹಳೆಯ ಕಾಗದ ತಂದರು. ಅದರಲ್ಲೂ ಅದೇ ನಂಬರ್.

ಈ ಮಾಡೆಲ್ ಬಗ್ಗೆ ಸ್ವಲ್ಪ ಹೇಳಲೇಬೇಕು. 1969ರಲ್ಲಿ ಬಿಎಂಡಬ್ಲ್ಯು ಬೈಕು ತಯಾರಿಕೆ ಮ್ಯೂನಿಕ್‌ನಿಂದ ಬರ್ಲಿನ್‌ನ ಸ್ಪಾಂಡೌಗೆ ಹೋಯಿತು. ಅಲ್ಲಿಂದ ಹೊರಬಂದದ್ದೇ ಈ ಸ್ಲಾಶ್ ಫೈವ್ ಸರಣಿ: ಆರ್ 50/5, ಆರ್ 60/5, ಆರ್ 75/5. ಅದಕ್ಕೂ ಮುಂಚಿನ ಗಾಡಿಗಳಿಗೆ 6 ವೋಲ್ಟ್ ಕರೆಂಟು, ಮುಂದಿನ ಚಕ್ರಕ್ಕೆ ಅರ್ಲ್ಸ್ ಎಂಬ ಹಳೇ ಮಾದರಿಯ ಫೋರ್ಕು. ಹೊಸ ಸರಣಿಗೆ 12 ವೋಲ್ಟ್, ಒಂದು ಕೊಳವೆ ಇನ್ನೊಂದರೊಳಗೆ ಜಾರುವ ಟೆಲಿಸ್ಕೋಪಿಕ್ ಫೋರ್ಕ್, ಸೆಲ್ಫ್ ಸ್ಟಾರ್ಟ್ ಬಂತು. ಹಾನ್ಸ್ ಗ್ಯುಂಟರ್ ಫಾನ್ ಡೆರ್ ಮಾರ್ವಿಟ್ಸ್ ಎಂಬ ಎಂಜಿನಿಯರ್ ಇದರ ಹಿಂದಿದ್ದವರು. 75/5ರದ್ದು 745 ಸಿಸಿ, 50 ಕುದುರೆ ಶಕ್ತಿ, ನಾಲ್ಕು ಗೇರು. 1973ರ ಮಾಡೆಲ್‌ಗೆ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮನ್ನು 50 ಮಿ.ಮೀ. ಉದ್ದ ಮಾಡಿದರು. ಜೋರಾಗಿ ಹೋಗುವಾಗ ಗಾಡಿ ಇನ್ನಷ್ಟು ನೆಟ್ಟಗೆ ನಿಲ್ಲಲಿ ಅಂತ. ನನ್ನದು ಗಿಡ್ಡ ಆರ್ಮಿನದು. ತಿರುವಿನಲ್ಲಿ ಚುರುಕು, ಆದರೆ ಸ್ಟೀರಿಂಗ್ ಬೇರಿಂಗ್ ಸಡಿಲ ಇದ್ದರೆ ಕ್ಷಮಿಸುವುದಿಲ್ಲ.

ಟ್ಯಾಂಕು ಚಿಕ್ಕದು, ಪಕ್ಕಕ್ಕೆ ಕ್ರೋಮ್ ಹಲಗೆ. ಎಲ್ಲರೂ ಟೋಸ್ಟರ್ ಟ್ಯಾಂಕ್ ಅಂತಲೇ ಕರೆಯುವುದು. ಆಗ ಎಷ್ಟೋ ಜನ ಇದನ್ನು ಬಿಚ್ಚಿಟ್ಟು ದೊಡ್ಡ ಟ್ಯಾಂಕ್ ಹಾಕಿಕೊಂಡರಂತೆ. ಈಗ ಅದೇ ಕ್ರೋಮ್ ಹಲಗೆಗೆ ಜನ ಮುಗಿಬೀಳುತ್ತಾರೆ. ಲೋಕದ ರೀತಿ.

ಮನೆಗೆ ತಂದ ಮೇಲೆ ಮೊದಲ ಕೆಲಸ ಸ್ಪಾರ್ಕ್ ಪ್ಲಗ್ ಬಿಚ್ಚಿ ಎರಡೂ ಸಿಲಿಂಡರ್‌ಗೆ ಒಂದಿಷ್ಟು ಆಯಿಲ್ ಬಿಟ್ಟು ಹಾಗೇ ಬಿಡುವುದು. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ತಂದ ದಿನವೇ ಕಿಕ್ ಹೊಡೆಯಬಾರದು. ಪಿಸ್ಟನ್ ರಿಂಗು ಸಿಲಿಂಡರಿಗೆ ಕಚ್ಚಿಕೊಂಡಿದ್ದರೆ ಅಲ್ಲೇ ಮುರಿಯುತ್ತದೆ. ಮಾರನೆಯ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದೆ. ಎಂಜಿನ್ ತಿರುಗಿತು. ಎಲ್ಲೂ ಬಿಗಿಯಿಲ್ಲ.

ಆದರೆ ಎರಡೂ ಸಿಲಿಂಡರಿನ ಅಡಿಯಲ್ಲಿ ಆಯಿಲ್ ಜಿನುಗಿ ಧೂಳು ಸೇರಿ ಕರಿ ಪದರ ಕಟ್ಟಿತ್ತು. ಎರಡು ಸಿಲಿಂಡರ್ ಎದುರುಬದುರಾಗಿ ಮಲಗಿರುವ ಇಂಥ ಬಾಕ್ಸರ್ ಎಂಜಿನ್‌ನಲ್ಲಿ ಇದು ಮಾಮೂಲು. ಒಂದೊಂದು ಸಿಲಿಂಡರ್‌ನ ಕೆಳಗೂ ಎರಡೆರಡು ಪುಶ್‌ರಾಡ್ ಟ್ಯೂಬು (ವಾಲ್ವ್ ತಳ್ಳುವ ಕಡ್ಡಿಗಳ ಕೊಳವೆ) ಹಾದುಹೋಗುತ್ತವೆ. ಅವುಗಳ ಬುಡದಲ್ಲಿ ರಬ್ಬರ್ ಸೀಲ್ ಇರುತ್ತದೆ, ಒಟ್ಟು ನಾಲ್ಕು. ವಯಸ್ಸಾದ ಹಾಗೆ ಅದು ಕಲ್ಲಾಗುತ್ತದೆ. ಬೆಲೆ ಏನೂ ಇಲ್ಲ. ಆದರೆ ಹಾಕಬೇಕು ಅಂದ್ರೆ ಸಿಲಿಂಡರ್ ಎಳೆಯಬೇಕು. ಅದಕ್ಕೆ ಹೆಡ್ ಬಿಚ್ಚಬೇಕು. ಹೆಡ್ ಬಿಚ್ಚಲು ಸೈಲೆನ್ಸರ್ ಪೈಪ್ ಬಿಚ್ಚಬೇಕು. ಅಲ್ಲಿಗೆ ಬಂತು ನೋಡಿ ಅಸಲಿ ಕೆಲಸ.

ಸೈಲೆನ್ಸರ್ ಪೈಪನ್ನು ಹೆಡ್‌ಗೆ ಹಿಡಿದಿಡುವುದು ಸುತ್ತ ರೆಕ್ಕೆಗಳಿರುವ ಒಂದು ದೊಡ್ಡ ನಟ್ಟು. ಅದು ಕೂರುವುದು ಅಲ್ಯೂಮಿನಿಯಂ ಹೆಡ್‌ನ ಹೊರಗಿನ ಥ್ರೆಡ್ ಮೇಲೆ. ವರ್ಷಗಟ್ಟಲೆ ಕಾದು, ತಣ್ಣಗಾಗಿ, ಮಳೆ ನೀರು ಕುಡಿದು, ಇಲ್ಲಿನ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ತಿಂದು, ನಟ್ಟು ಥ್ರೆಡ್ಡಿಗೆ ಬೆಸೆದುಕೊಂಡಿರುತ್ತದೆ. ಇದಕ್ಕೇ ಅಂತ ಉದ್ದ ಹಿಡಿಯ ಪಾನಾ ಸಿಗುತ್ತದೆ. ಬಲಗಡೆಯದಕ್ಕೆ ಪಾನಾ ಹಾಕಿದೆ, ಸ್ವಲ್ಪ ಬಿಸಿ ಮಾಡಿ ಎಳೆದೆ, ಕಿರ್ರ್ ಅಂತ ಬಂತು. ಎಡಗಡೆಯದು ಕಾಲು ಸುತ್ತು ಬಂದು ನಿಂತುಬಿಟ್ಟಿತು.

ಇಲ್ಲೇ ಜನ ಹೆಡ್ ಹಾಳು ಮಾಡಿಕೊಳ್ಳುವುದು. ‘ಇನ್ನೊಂದು ಸ್ವಲ್ಪ’ ಅಂತ ಪೈಪ್ ಸಿಕ್ಕಿಸಿ ಎಳೆಯುತ್ತಾರೆ. ನಟ್ಟು ಬರುತ್ತದೆ, ಜೊತೆಗೆ ಹೆಡ್‌ನ ಥ್ರೆಡ್ಡೂ ಕೊಬ್ಬರಿ ತುರಿಯ ಹಾಗೆ ಉದುರಿ ಬರುತ್ತದೆ. ಆಮೇಲೆ ಅಲ್ಯೂಮಿನಿಯಂ ವೆಲ್ಡಿಂಗು, ಹೊಸ ಥ್ರೆಡ್ಡು, ಲೇತಿನ ಕೆಲಸ. ನಟ್ಟಿನ ಬೆಲೆಗೂ ಅದಕ್ಕೂ ಹೋಲಿಕೆಯೇ ಇಲ್ಲ. ಹಾಗಾಗಿ ಬಿಗಿಯಾದ ನಟ್ಟನ್ನು ಉಳಿಸಲು ನೋಡಲೇಬಾರದು. ಕತ್ತರಿಸಿಬಿಡಬೇಕು.

ಎರಡು ರೆಕ್ಕೆಗಳ ನಡುವೆ ಹ್ಯಾಕ್ಸಾ ಬ್ಲೇಡ್ ಇಟ್ಟು, ಪೈಪಿನ ಉದ್ದಕ್ಕೆ ನೇರವಾಗಿ ಕೊಯ್ಯುತ್ತಾ ಹೋದೆ. ಗ್ರೈಂಡರ್ ಬಳಸಬಹುದು, ಆದರೆ ಕೈ ಒಂದು ಚೂರು ಜಾರಿದರೆ ಥ್ರೆಡ್ ಹೋಯಿತು. ಹ್ಯಾಕ್ಸಾ ನಿಧಾನ, ಆದರೆ ಬ್ಲೇಡು ಏನನ್ನು ಕೊಯ್ಯುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ. ಥ್ರೆಡ್ಡಿನ ತುದಿ ಕಾಣುವ ಹೊತ್ತಿಗೆ ನಿಲ್ಲಿಸಬೇಕು. ಕೊಯ್ದ ಸಂದಿಯೊಳಗೆ ಬೆಳ್ಳಿ ಬಣ್ಣದ ಸಣ್ಣ ಗೆರೆಗಳು ಒಂದರ ಪಕ್ಕ ಒಂದು ಕಾಣಿಸಿಕೊಂಡವು. ಅಲ್ಲಿಗೆ ಬ್ಲೇಡ್ ಕೆಳಗಿಟ್ಟೆ. ಸಂದಿಗೆ ಚಪ್ಪಟೆ ಉಳಿ ಇಟ್ಟು ಮೆಲ್ಲಗೆ ತಟ್ಟಿ ತಿರುಚಿದೆ. ‘ಟಿಕ್’ ಅಂದಿತು. ನಟ್ಟು ಬಾಯಿ ಬಿಟ್ಟಿತು, ಕೈಯಲ್ಲೇ ಬಿಚ್ಚಿ ಬಂತು. ಒಳಗೆ ಬಿಳಿ ಪುಡಿ, ಅಲ್ಯೂಮಿನಿಯಂ ತಿಂದುಹೋದ ಗುರುತು. ಹಿತ್ತಾಳೆ ಬ್ರಷ್‌ನಿಂದ ಉಜ್ಜಿ ನೋಡಿದೆ. ಥ್ರೆಡ್ಡು ಪೂರ್ತಿ ಇದೆ.

ಹೊಸ ನಟ್ಟು ಹಾಕುವಾಗ ಥ್ರೆಡ್ಡಿಗೆ ಧಾರಾಳವಾಗಿ ಆಂಟಿ ಸೀಜ್ ಪೇಸ್ಟ್ (ಕಚ್ಚಿಕೊಳ್ಳದ ಹಾಗೆ ತಡೆಯುವುದು) ಹಚ್ಚಿ. ವರ್ಷಕ್ಕೊಮ್ಮೆ ಬಿಚ್ಚಿ ಮತ್ತೆ ಹಚ್ಚಿ. ಗಾಡಿ ಕೊಳ್ಳಲು ಹೋದಾಗ ‘ಈ ನಟ್ಟು ಕೊನೆಗೆ ಬಿಚ್ಚಿದ್ದು ಯಾವಾಗ?’ ಅಂತ ಕೇಳಿ. ಮಾರುವವರು ತಟ್ಟಂತ ಉತ್ತರ ಹೇಳಿದರೆ ಗಾಡಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಅರ್ಥ.

ಹೆಡ್ ಬಿಚ್ಚಿದ್ದು ಸಲೀಸು. ಒಂದೊಂದು ಹೆಡ್‌ಗೆ ಆರು ನಟ್ಟು. ನಾಲ್ಕು, ವಾಲ್ವ್ ಒತ್ತುವ ರಾಕರ್ ಜೊತೆ ಹೋಗುವಂಥವು, ಇನ್ನೆರಡು ಮೇಲೆ ಕೆಳಗೆ. ಸಿಲಿಂಡರ್ ಎಳೆಯುವಾಗ ಪಿಸ್ಟನ್ ಹೊರಗೆ ಬಂದ ಕೂಡಲೇ ಕೈ ಕೊಟ್ಟು ಹಿಡಿಯಬೇಕು. ಇಲ್ಲದಿದ್ದರೆ ಕನೆಕ್ಟಿಂಗ್ ರಾಡು ಧೊಪ್ಪನೆ ಕೇಸಿಗೆ ಬಡಿಯುತ್ತದೆ. ಕೇಸಿನ ಬಾಯಿಗೆ ಬಟ್ಟೆ ತುರುಕಿ. ಅದರೊಳಗೆ ಏನಾದರೂ ಬಿದ್ದರೆ ಇಡೀ ದಿನ ಹುಡುಕಾಟ. ರಬ್ಬರ್ ಸೀಲ್ ನಾಲ್ಕೂ ಬದಲಾದವು. ಸಿಲಿಂಡರ್ ಬುಡಕ್ಕೆ ಹೊಸ ಗ್ಯಾಸ್ಕೆಟ್. ರಿಂಗಿನ ಬಾಯಿಗಳು ಒಂದೇ ಸಾಲಿಗೆ ಬರದ ಹಾಗೆ 120 ಡಿಗ್ರಿ ಅಂತರಕ್ಕೆ ತಿರುಗಿಸಿ ವಾಪಸ್ ತಳ್ಳಿದೆ. ನಟ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ ಬಿಗಿ ಮಾಡಿ 35 ನ್ಯೂಟನ್ ಮೀಟರಿಗೆ ನಿಲ್ಲಿಸಿದೆ. ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ‘ಕೈ ಅಂದಾಜು’ ನಮ್ಮ ಊರಿನ ಮೆಕ್ಯಾನಿಕ್‌ಗಳಿಗೆ ಒಪ್ಪುತ್ತದೆ, ನಮಗಲ್ಲ.

ಟ್ಯಾಪೆಟ್, ಅಂದರೆ ವಾಲ್ವಿಗೆ ಬಿಡುವ ಸಣ್ಣ ಸಂದಿ: ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಮಿ.ಮೀ., ಎಂಜಿನ್ ತಣ್ಣಗಿರುವಾಗ. ಎಂಜಿನ್‌ನ ಎಡಗಡೆ ರಬ್ಬರ್ ಬಿರಡೆ ತೆಗೆದರೆ ಒಂದು ಸಣ್ಣ ಕಿಟಕಿ ಸಿಗುತ್ತದೆ, ಫ್ಲೈವೀಲ್ ಕಾಣುತ್ತದೆ. ಅದರಲ್ಲಿ ‘ಓಟಿ’ ಗುರುತು ಬಂದಾಗ ಪಿಸ್ಟನ್ ತುದಿಯಲ್ಲಿದೆ ಅಂತ ಲೆಕ್ಕ. ಸಿಲಿಂಡರ್ ಎರಡೂ ಹೊರಗೇ ಚಾಚಿಕೊಂಡಿರುವುದರಿಂದ ಸ್ಟೂಲ್ ಮೇಲೆ ಕೂತು ಮಾಡುವ ಕೆಲಸ. ಟ್ಯಾಪೆಟ್ ಹೊಂದಿಸಲು ಇದಕ್ಕಿಂತ ಸುಖದ ಎಂಜಿನ್ ನಾನು ನೋಡಿಲ್ಲ.

ಮೈಸೂರಿನಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಗಾಡಿ ತೋರಿಸಿದೆ. ಅವರದು ಯೆಜ್ಡಿ ಕಾಲ.

‘ಚೈನ್ ಎಲ್ಲೋ?’

‘ಚೈನ್ ಇಲ್ಲಪ್ಪ. ಶಾಫ್ಟು.’

‘ಹಾಗಾದ್ರೆ ಗ್ರೀಸ್ ಹಚ್ಚೋ ತಾಪತ್ರಯ ಇಲ್ಲ ಅನ್ನು.’

‘ಇದೆ. ಅದಕ್ಕೆ ಗೇರ್‌ಬಾಕ್ಸ್ ಬಿಚ್ಚಬೇಕು.’

ಅಪ್ಪ ನಕ್ಕರು. ಜಾವಾ, ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಅಪ್ಪನ ಓರಗೆಯವರಿಗೆಲ್ಲ ಆ ಗಾಡಿ ಕೈಗೆ ಪಳಗಿದ್ದು. ಜಾವಾದ ಬೇರು ಕೂಡ ಜರ್ಮನಿಯಲ್ಲೇ ಇದೆ ಅಂದರೆ ಅವರು ಒಪ್ಪುವುದಿಲ್ಲ. 1929ರಲ್ಲಿ ಚೆಕ್ ಉದ್ಯಮಿ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡುಕೊಂಡೇ ಜಾವಾ ಶುರು ಮಾಡಿದ್ದು.

ಶಾಫ್ಟಿನ ವಿಷಯಕ್ಕೆ ಬರ್ತೀನಿ. ಬಿಎಂಡಬ್ಲ್ಯುವಿನ ಮೊದಲ ಬೈಕು 1923ರ ಆರ್ 32ರಿಂದಲೂ ಇವರ ಬಾಕ್ಸರ್‌ಗಳದು ಅಡ್ಡ ಮಲಗಿದ ಎರಡು ಸಿಲಿಂಡರು, ಹಿಂದಿನ ಚಕ್ರಕ್ಕೆ ಶಾಫ್ಟು. ಚಕ್ರವನ್ನು ಶಾಫ್ಟಿಗೆ ಸೇರಿಸುವುದು ಹಲ್ಲುಗಳಿರುವ ಸ್ಪ್ಲೈನು. ಗ್ರೀಸ್ ಇಲ್ಲದೆ ಓಡಿದರೆ ಹಲ್ಲು ಸವೆದು ಚೂಪಾಗುತ್ತವೆ. ಹಿಂದಿನ ಆಕ್ಸಲ್ ಎಳೆದು ಚಕ್ರ ಹೊರಗೆ ತೆಗೆದರೆ ಕಣ್ಣಿಗೇ ಕಾಣುತ್ತದೆ. ಹಲ್ಲಿನ ತಲೆ ಚಪ್ಪಟೆ ಇದ್ದರೆ ಒಳ್ಳೆಯದು. ಗರಗಸದ ಹಲ್ಲಿನಂತೆ ಚೂಪಾಗಿದ್ದರೆ ಬೇರೆ ಹಬ್ಬು ಹುಡುಕಬೇಕು. ಅಜ್ಜನ ಶೆಡ್ಡಿನಲ್ಲೇ ಇದನ್ನು ತೆಗೆದು ನೋಡಲು ಕೇಳಿದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ತಾವೇ ಟೂಲ್ ಚೀಲ ಕೊಟ್ಟರು. ಹಲ್ಲುಗಳು ಚಪ್ಪಟೆಯಾಗಿದ್ದವು. ಹಳೇ ಗ್ರೀಸ್ ಒಣಗಿ ಕಂದು ಪುಡಿಯಾಗಿತ್ತು, ಅಷ್ಟೇ. ಒರೆಸಿ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿದೆ. ಇನ್ನೊಂದು ಸ್ಪ್ಲೈನ್ ಕ್ಲಚ್ ಹತ್ತಿರ ಇದೆ. ಅದಕ್ಕೆ ಗೇರ್‌ಬಾಕ್ಸ್ ತೆಗೆಯಬೇಕು, ಸ್ವಿಂಗ್ ಆರ್ಮ್ ಹಿಂದಕ್ಕೆ ಸರಿಸಬೇಕು. ಸ್ವಿಂಗ್ ಆರ್ಮಿನ ಲಾಕ್ ನಟ್ಟಿಗೆ 27ರ ಸಾಕೆಟ್ ಬೇಕು, ಅದೂ ಮಾಮೂಲಿದು ಸಂದಿಯಲ್ಲಿ ಹೋಗುವುದಿಲ್ಲ. ಲೇತ್‌ನಲ್ಲಿ ಅದರ ಹೊರಮೈ ತೆಳ್ಳಗೆ ಮಾಡಿಸಬೇಕು. ಸಾಕೆಟ್ ಮಾಡಿಸಿಟ್ಟಿದ್ದೇನೆ. ಕೆಲಸ ಚಳಿಗಾಲಕ್ಕೆ.

ಕಾರ್ಬೊರೇಟರ್‌ಗಳು ಬಿಂಗ್ ಕಂಪನಿಯವು, 32 ಮಿ.ಮೀ., ಒಂದೊಂದು ಸಿಲಿಂಡರಿಗೆ ಒಂದೊಂದು. ಒಳಗೆ ಪೆಟ್ರೋಲ್ ಒಣಗಿ ಹಸಿರು ಅಂಟಾಗಿತ್ತು. ಜೆಟ್ಟುಗಳನ್ನು ಅಲ್ಟ್ರಾಸೋನಿಕ್ ತೊಟ್ಟಿಗೆ ಹಾಕಿದೆ, ಎಲ್ಲ ಒ-ರಿಂಗ್ ಬದಲಾಯಿಸಿದೆ. ಮೇಲಿನ ರಬ್ಬರ್ ಡಯಾಫ್ರಮ್‌ಗಳನ್ನು ಬಲ್ಬಿಗೆ ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಆ ಕಡೆಯ ಸಿಲಿಂಡರ್ ಸೋಮಾರಿಯಾಗುತ್ತದೆ. ನನ್ನ ಎಡಗಡೆಯದರಲ್ಲಿ ಬೆಳಕು ಕಂಡಿತು. ಎರಡೂ ಹೊಸದು ಹಾಕಿದೆ. ಚೋಕ್ ಭಾಗ ಬಿಚ್ಚುವಾಗ ಎಡದ್ದು ಬಲದ್ದು ಬೇರೆ ಬೇರೆ ಡಬ್ಬಿಗೆ ಹಾಕಿ. ಅದಲು ಬದಲಾದರೆ ಗಾಡಿ ತಣ್ಣಗಿದ್ದಾಗ ಏಳುವುದೇ ಇಲ್ಲ, ಕಾರಣವೂ ತಿಳಿಯುವುದಿಲ್ಲ.

ಟ್ಯಾಂಕಿನ ತುಕ್ಕನ್ನು ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಸಿ, ಸೋಡಾ ನೀರಿನಲ್ಲಿ ತೊಳೆದು, ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ಶೇಕಡಾ 10ರವರೆಗೆ ಎಥೆನಾಲ್ ಬೆರೆಸಿದ ಇ10 ಪೆಟ್ರೋಲ್ ಹಾಕುವುದಿಲ್ಲ. ಹಳೆಯ ರಬ್ಬರಿಗೂ ಟ್ಯಾಂಕಿಗೂ ಎಥೆನಾಲ್ ಜಾಸ್ತಿ ಆದರೆ ಒಗ್ಗುವುದಿಲ್ಲ.

ಈಗ ಕರೆಂಟು. ಕೀ ಒಂದು ವಿಚಿತ್ರ. ಮೊಳೆಯ ಆಕಾರದ್ದು, ಹೆಡ್‌ಲೈಟ್ ತಲೆಯ ಮೇಲೆ ಚುಚ್ಚಿ ಒತ್ತಬೇಕು. ಒಂದು ಗಾಡಿಯ ಕೀ ಇನ್ನೊಂದಕ್ಕೂ ಆಗುತ್ತದೆ. ಆ ಕಾಲದಲ್ಲಿ ಕಳ್ಳರೇ ಇರಲಿಲ್ಲವೋ ಏನೋ! ಬೀಗದ ಕೆಲಸ ಮಾಡುವುದು ಸ್ಟೀರಿಂಗ್ ಲಾಕ್ ಮಾತ್ರ.

ಎಂಜಿನ್‌ನ ಮುಂದಿನ ಮುಚ್ಚಳದ ಒಳಗೆ ಪಾಯಿಂಟ್ ಸೆಟ್ಟು (ಕಿಡಿ ಹೊತ್ತಿಸುವ ಸ್ವಿಚ್ಚು), ಆಲ್ಟರ್ನೇಟರು (ಕರೆಂಟ್ ಮಾಡುವುದು), ಆ ಕರೆಂಟನ್ನು ಬ್ಯಾಟರಿಗೆ ಒಗ್ಗಿಸುವ ಡಯೋಡ್ ಬೋರ್ಡು ಎಲ್ಲ ಇವೆ. ಈ ಮುಚ್ಚಳಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಮರೆಯಬೇಡಿ. ಡಯೋಡ್ ಬೋರ್ಡಿಗೆ ಕೀ ಆಫ್ ಇದ್ದರೂ ನೇರ ಬ್ಯಾಟರಿ ಕರೆಂಟ್ ಇರುತ್ತದೆ. ಮುಚ್ಚಳ ಅದಕ್ಕೆ ತಾಗಿದರೆ ಒಂದು ಕಿಡಿ, ಬೋರ್ಡ್ ಖಲಾಸ್.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಕಿಡಿಯ ಸಮಯ ಹಿಂದೆ ಮುಂದೆ ಮಾಡುವ ಅಡ್ವಾನ್ಸ್ ಯೂನಿಟ್ಟಿನ ಸಣ್ಣ ನಟ್ಟು ಕ್ಯಾಮ್‌ಶಾಫ್ಟಿನ ತುದಿಯಲ್ಲಿ ಕೂರುತ್ತದೆ. ಆ ತುದಿ ಬಲು ತೆಳು. ಬೆರಳಿನ ಬಲದಲ್ಲಿ ಬಿಗಿ ಮಾಡಿದಷ್ಟೇ ಸಾಕು. ಕಿಡಿಯ ಸಮಯ ತೋರಿಸುವ ಟೈಮಿಂಗ್ ಲೈಟ್ ಹಿಡಿದಾಗ ಐಡಲ್‌ನಲ್ಲಿ ಫ್ಲೈವೀಲ್ ಕಾಣುವ ಅದೇ ಕಿಟಕಿಯಲ್ಲಿ ‘ಎಸ್’ ಗುರುತು, ಆಕ್ಸಿಲೇಟರ್ ಕೊಟ್ಟಾಗ ‘ಎಫ್’ ಗುರುತು ಬರಬೇಕು.

ಹೊಸ ಬ್ಯಾಟರಿ, ಹೊಸ ಪ್ಲಗ್. ಎಂಜಿನ್ ಆಯಿಲ್ 20ಡಬ್ಲ್ಯು50, ಫಿಲ್ಟರ್ ಸೇರಿ ಎರಡೂ ಕಾಲು ಲೀಟರ್. ಗೇರ್‌ಬಾಕ್ಸು, ಶಾಫ್ಟು, ಹಿಂದಿನ ಡ್ರೈವು, ಮೂರಕ್ಕೂ ಬೇರೆ ಬೇರೆ ಬಾಯಿ, ಮೂರಕ್ಕೂ ಗೇರ್ ಆಯಿಲ್. ಸೆಲ್ಫ್ ಒತ್ತಿದೆ. ಎಂಜಿನ್ ಬಲಗಡೆಗೆ ಒಮ್ಮೆ ವಾಲಿ, ಕೆಮ್ಮಿ, ಎದ್ದಿತು. ಬಾಕ್ಸರ್‌ನ ಆ ಜಗ್ಗುವಿಕೆ ಕೈಗೆ ಸಿಕ್ಕರೆ ಮರೆಯುವುದಿಲ್ಲ. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಭಾನುವಾರ ಆಗಿದ್ದರೆ ಬೈದಿರೋರು.

ಎದ್ದಿತು ಸರಿ, ಆದರೆ ಚಾರ್ಜ್ ಲ್ಯಾಂಪ್ ಆರಲಿಲ್ಲ. ಮೂರು ಸಾವಿರ ಆರ್‌ಪಿಎಂ ಕೊಟ್ಟರೂ ಬ್ಯಾಟರಿ ವೋಲ್ಟೇಜ್ 12.2 ದಾಟಲಿಲ್ಲ. ಈ ಸರಣಿಯ ಆಲ್ಟರ್ನೇಟರ್ 180 ವ್ಯಾಟಿನದು, ಮೊದಲೇ ಬಡಪಾಯಿ. ಮೀಟರ್ ತಗೊಂಡು ಆಲ್ಟರ್ನೇಟರಿನೊಳಗೆ ತಿರುಗುವ ರೋಟರಿನ ಎರಡು ರಿಂಗುಗಳ ಮೇಲೆ ಇಟ್ಟೆ. ಕೆಲವೇ ಓಮ್ ತೋರಿಸಬೇಕು, ಏನೂ ತೋರಿಸಲಿಲ್ಲ. ಒಳಗಿನ ಸುರುಳಿ ಎಲ್ಲೋ ಕಡಿದುಹೋಗಿದೆ. ಹಳೇ ಬಾಕ್ಸರ್‌ಗಳ ಮಾಮೂಲು ರೋಗ ಇದು.

ರೋಟರು ಕ್ರ್ಯಾಂಕ್‌ನ ಇಳಿಜಾರು ತುದಿಯ ಮೇಲೆ ಕಚ್ಚಿಕೊಂಡಿರುತ್ತದೆ. ಎಳೆದರೆ ಬರುವುದಿಲ್ಲ, ಸುತ್ತಿಗೆಯಲ್ಲಿ ಹೊಡೆದರೆ ಕೆಡುತ್ತದೆ. ನಡುವಿನ ಬೋಲ್ಟ್ ಬಿಚ್ಚಿ, ಒಳಗೆ ಗಟ್ಟಿ ಉಕ್ಕಿನ ಪಿನ್ ಇಟ್ಟು, ಮತ್ತೆ ಬೋಲ್ಟ್ ತಿರುಗಿಸಿದರೆ ತಾನಾಗೇ ಹೊರಗೆ ತಳ್ಳಿಕೊಂಡು ಬರುತ್ತದೆ. ಮೆದು ಕಬ್ಬಿಣದ ಸಾಮಾನ್ಯ ಕಡ್ಡಿ ಇಡಬೇಡಿ, ಒಳಗೇ ಊದಿ ಸಿಕ್ಕಿಕೊಳ್ಳುತ್ತದೆ. ಹೊಸ ಸುರುಳಿ ಸುತ್ತಿದ ರೋಟರ್ ಹಾಕಿದೆ, ಬ್ರಷ್ ಬದಲಾಯಿಸಿದೆ. 13.9 ವೋಲ್ಟ್ ಬಂತು. ಇನ್ನೊಂದು ಮಾತು: ಆ ಕೆಂಪು ಚಾರ್ಜ್ ಬಲ್ಬು ಬರೀ ತೋರಿಕೆಗಲ್ಲ. ರೋಟರ್‌ಗೆ ಮೊದಲ ಕರೆಂಟ್ ಅದರ ಮೂಲಕವೇ ಹೋಗುತ್ತದೆ. ಬಲ್ಬ್ ಸುಟ್ಟರೆ ಚಾರ್ಜೂ ಇಲ್ಲ. ಕೀ ಒತ್ತಿದಾಗ ಬಲ್ಬ್ ಹೊತ್ತುತ್ತದೆಯೇ ಅಂತ ಕೊಳ್ಳುವಾಗಲೇ ನೋಡಿ.

ಬ್ರೇಕು, ಟೈರಿಗೆ ಹೆಚ್ಚು ಹೇಳುವುದಿಲ್ಲ. ಮುಂದೆ 200 ಮಿ.ಮೀ. ಡ್ರಮ್, ಎರಡು ಕ್ಯಾಮಿನದು. ಸರಿಯಾಗಿ ಹೊಂದಿಸಿದರೆ ಚೆನ್ನಾಗಿಯೇ ಹಿಡಿಯುತ್ತದೆ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಊದಿ ಸ್ವಚ್ಛ ಮಾಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈರ್ ಮುಂದೆ 3.25-19, ಹಿಂದೆ 4.00-18. ಟೈರಿನ ಗಾಡಿ ಎಷ್ಟೇ ಆಳ ಉಳಿದಿದ್ದರೂ ಪಕ್ಕದ ಗೋಡೆ ಬಿರಿದಿದ್ದರೆ ಎಸೆಯಿರಿ.

ಪೇಂಟ್ ಮುಟ್ಟಲಿಲ್ಲ. ಟ್ಯಾಂಕಿನ ಬಿಳಿ ಗೆರೆಗಳನ್ನು ಕಾರ್ಖಾನೆಯಲ್ಲಿ ಕೈಯಲ್ಲೇ ಎಳೆದದ್ದು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಹಾಸನದ ಗೆಳೆಯನೊಬ್ಬ ಬಂದು ನೋಡಿ, ‘ಇಷ್ಟೆಲ್ಲ ಮಾಡಿ ಪೇಂಟ್ ಮಾಡಿಸಿಲ್ವಲ್ಲ ಮಾರಾಯ’ ಅಂದ. ಹೊಸ ಪೇಂಟನ್ನು ಯಾವಾಗ ಬೇಕಾದರೂ ಹೊಡೆಸಬಹುದು. ಈ ಗೆರೆ ಒಮ್ಮೆ ಉಜ್ಜಿದರೆ ಹೋಯಿತು. ಬೆಲೆಯ ಲೆಕ್ಕದಲ್ಲೂ ಅಷ್ಟೇ, ಮೂಲ ಪೇಂಟಿನ ಗೀರು ಹೊಸ ಪೇಂಟಿನ ಹೊಳಪಿಗಿಂತ ಹೆಚ್ಚು ತರುತ್ತದೆ.

ಕೊನೆಗೆ ರಿಜಿಸ್ಟ್ರೇಷನ್. ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ ಗಾಡಿಗೆ ನಂಬರಿನ ಕೊನೆಯಲ್ಲಿ ‘ಹೆಚ್’ ಇರುವ ಪ್ಲೇಟ್ ಸಿಗುತ್ತದೆ. 1997ರಿಂದ ಇದೆ. ಬೈಕಿಗೆ ವರ್ಷಕ್ಕೆ 46 ಯೂರೋ ತೆರಿಗೆ. ಮಾರುವವರು ಇದನ್ನು ದೊಡ್ಡ ಲಾಭದಂತೆ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಮಾಮೂಲು ಪ್ಲೇಟಿಗೆ ಪ್ರತಿ 25 ಸಿಸಿಗೆ 1.84 ಯೂರೋ. 745 ಸಿಸಿ ಅಂದರೆ 30 ಭಾಗ, 55 ಯೂರೋ ಚಿಲ್ಲರೆ. ಉಳಿಯುವುದು ಒಂಬತ್ತು ಯೂರೋ! ಕಾರಿಗಾದರೆ ಈ ಪ್ಲೇಟ್ ಲಾಭ, ಬೈಕಿಗೆ ಬರೀ ಗತ್ತು. ಅದಕ್ಕಾಗಿ ಹೆಚ್ಚಿಗೆ ದುಡ್ಡು ಕೊಡಬೇಡಿ. ನಾನೂ ಮಾಡಿಸಿದ್ದೇನೆ, ಗತ್ತಿಗೇ.

ತಪಾಸಣೆಯವರು ನಂಬರ್ ನೋಡಿದರು, ಲೈಟು, ಬ್ರೇಕು ನೋಡಿದರು, ಹಾರನ್ ಒತ್ತಿದರು. ಎಂಜಿನ್ ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಿದರು. ಪುಶ್‌ರಾಡ್ ಟ್ಯೂಬು ಒಣಗಿವೆ. ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಜಾಗದಲ್ಲಿ ಒಂದು ಸಣ್ಣ ತೇವ ಇದೆ. ಹಿಂದಿನ ಕ್ರ್ಯಾಂಕ್ ಸೀಲ್ ಇರಬೇಕು. ಹನಿ ಬೀಳುತ್ತಿಲ್ಲ, ಪರವಾಗಿಲ್ಲ ಅಂದರು. ಹೇಗಿದ್ದರೂ ಕ್ಲಚ್ ಸ್ಪ್ಲೈನಿಗೆ ಗೇರ್‌ಬಾಕ್ಸ್ ಇಳಿಸಲೇಬೇಕಲ್ವಾ, ಆಗ ಆ ಸೀಲನ್ನೂ ಹಾಕಿಬಿಡ್ತೀನಿ.